ನೋಡದೆ ಹಾಕಿದ ಅಳತೆ

ಅಕ್ಟೋಬರ್ 3, ಬೆಳಿಗ್ಗೆ 7.30
ನಾನು ದ್ರೌಪದಮ್ಮ. ಕೋಗಿಲಿನ ನೀರುಗಂಟಿ ಮನೆಯ ಹಿರಿಯಳು, ಎಸ್‌ಎಸ್‌ಎಲ್‌ಸಿ ಪಾಸು. ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಬಿಡುತ್ತಿದ್ದವರು ನಾವು. ಗದ್ದೆಗಳು ಹೋದವು. ಕೋಡಿ ಕಾಲುವೆಯ ನೀರು ಅಳೆಯುವ ಕೆಲಸ ಮಾತ್ರ ನಮ್ಮ ಕೈಯಲ್ಲೇ ಇದೆ. ದಿನಾ ಸೇತುವೆ ಕಂಬದ ಅಳತೆ ಪಟ್ಟಿ ನೋಡಿ ಕೆರೆ ಸಮಿತಿಯ ವಾಟ್ಸಾಪ್ ಗ್ರೂಪಿಗೆ ಹಾಕುತ್ತೇನೆ. ಇವತ್ತು ಒಂದೂಕಾಲು ಅಡಿ.
ದಸ್ತಗೀರ್ ಕುಡುಗೋಲು ಹಿಡಿದು ನಿಂತಿದ್ದ. ಅವನ ಹಸುಗಳಿಗೆ ಹುಲ್ಲು ಆಚೆ ದಡದಲ್ಲಿ.
“ಏನಮ್ಮಾ, ಇವತ್ತು ವೀಸಾ ಕೊಡ್ತೀರಾ?”
“ಮೊಣಕಾಲಿಗೂ ಬರಲ್ಲ, ಹೋಗಯ್ಯಾ.”
ನನ್ನ ಮಾತಿಲ್ಲದೆ ನೀರಿಗಿಳಿಯುವವನಲ್ಲ. ನಾನು ಸಿಗದಿದ್ದರೆ ಹೆಂಡತಿ ಅನೀಸಾ ಗ್ರೂಪು ನೋಡಿ ಹೇಳುತ್ತಾಳೆ.

ಅಕ್ಟೋಬರ್ 6
ಮೈದುನ ಬ್ಯಾಟರಾಯಪ್ಪ ತೀರಿಕೊಂಡ. ಹನ್ನೊಂದು ದಿನ ಸೂತಕ. ಸೂತಕದಲ್ಲಿ ನಮ್ಮ ಮನೆಯವರು ಗಂಗಮ್ಮನ ಹತ್ತಿರ ಹೋಗುವಂತಿಲ್ಲ — ಕೆರೆಯಾಗಲಿ, ಕಾಲುವೆಯಾಗಲಿ.
ಸೊಸೆ ಮಧುಶ್ರೀ ಅಂದಳು, “ಅತ್ತೆ, ಅನೀಸಾ ನೋಡ್ಲಿ ಬಿಡಿ. ಒಂದ್ ಫೋಟೋ ಕಳ್ಸಿದ್ರಾಯ್ತು.”
“ಕಂಡೋರ ಕೈಗೆ ಕೊಡೋ ಕೆಲ್ಸ ಅಲ್ಲ ಇದು. ಸುಮ್ನಿರು.”
ಮಳೆಯಿಲ್ಲ. ನಿನ್ನೆಯದನ್ನೇ ಹಾಕಿದೆ. ಒಂದೂಕಾಲು.

ಅಕ್ಟೋಬರ್ 7
ಒಂದೂಕಾಲು.

ಅಕ್ಟೋಬರ್ 8
ಒಂದೂಕಾಲು. ಮಧುಶ್ರೀ ಕಾಫಿ ಲೋಟ ಕುಕ್ಕಿ ಒಳಗೆ ಹೋದಳು.

ಅಕ್ಟೋಬರ್ 9, ಬೆಳಿಗ್ಗೆ 7
ಇಲ್ಲಿ ಹನಿಯಿಲ್ಲ. ಮೇಲಿನ ಕೆರೆ ಕಡೆ ಜೋರು ಮಳೆಯಂತೆ, ಹಾಲಿನವನು ಅಂದ. ಒಂದೂವರೆ ಇರಬಹುದು... ಒಂದೂವರೆ ಹಾಕಿದೆ.

ಅಕ್ಟೋಬರ್ 15
ಒಂಬತ್ತರಂದು ಕಾಲುವೆಯಲ್ಲಿ ಮೂರೂವರೆ ಅಡಿ ಇತ್ತು, ಸೆಳೆತ ಬೇರೆ. ದಸ್ತಗೀರ್ ಇಳಿದ. ಸಂಜೆ ಸಿಕ್ಕಿದ, ಎರಡನೇ ಮೋರಿಯ ಹತ್ತಿರ.
ಮಧುಶ್ರೀ ಹೋಗಿ ನೋಡಿ ಬಂದಳು. ಅನೀಸಾ ಒಂದೇ ಮಾತು ಹೇಳುತ್ತಿದ್ದಾಳಂತೆ — “ನೀರು ಜಾಸ್ತಿ ಕಾಣ್ತದೆ ಅಂತ ಫೋನ್ ಮಾಡಿದ್ರು. ಅಮ್ಮ ಒಂದೂವರೆ ಹಾಕವ್ರೆ, ಹೋಗಿ ಅಂತ ನಾನೇ ಅಂದೆ. ನಾನೇ ಕಳಿಸ್ಬಿಟ್ಟೆ.”
ಸಮಿತಿಯ ವಿಜಯ್ ಕುಮಾರ್ ಬಂದಿದ್ದ. “ನಿಮ್ದೇನೂ ತಪ್ಪಿಲ್ಲಮ್ಮಾ. ನೀವು ನೋಡ್ಕೊಂಡು ಬಂದ್ಮೇಲೆ ಏರಿರುತ್ತೆ.”
ಹೂಂ ಅಂದೆ.
ಹೂಂ ಅಂದುಬಿಟ್ಟೆ.

ಅಕ್ಟೋಬರ್ 17
ಸೂತಕ ಕಳೆಯಿತು. ತಲೆಗೆ ಸ್ನಾನ. ಸೀರೆಯುಟ್ಟು ಅನೀಸಾಳ ಬೀದಿಯವರೆಗೆ ಹೋದೆ. ವಾಪಸ್ಸು ಬಂದೆ.

ಅಕ್ಟೋಬರ್ 19, ಮಧ್ಯಾಹ್ನ
ಹೇಳಿ ಬಂದೆ.
ಅನೀಸಾ ಕುರ್ಚಿ ಹಾಕಿದಳು, ನಾನು ಕೂರಲಿಲ್ಲ. ನಿಂತೇ ಹೇಳಿದೆ. “ನಾನು ನೋಡೋಕೇ ಹೋಗಿರ್ಲಿಲ್ಲ ಅನೀಸಾ. ನಾಲ್ಕು ದಿನ ಮನೇಲಿ ಕೂತು ಹಾಕಿದ್ದು. ಅವನನ್ನ ಕಳಿಸಿದ್ದು ನೀನಲ್ಲ, ನಾನು.” ಗ್ರೂಪಿಗೂ ಬರೆದು ಹಾಕಿಯಾಗಿತ್ತು, ನನ್ನ ಹೆಸರು ಸಮೇತ.
ಬೈಯುತ್ತಾಳೆ ಅಂದುಕೊಂಡಿದ್ದೆ.
“ಹಂಗಾದ್ರೆ ಅವ್ರು ನೋಡಿದ್ದೇ ಸರಿ ಇತ್ತು.”
ಹಿತ್ತಲಲ್ಲಿ ಹಸುಗಳು ಒಂದೇ ಸಮ ಕೂಗುತ್ತಿದ್ದವು. ಅನೀಸಾ ಸೆರಗು ಬಿಗಿದಳು. ಹುಲ್ಲಿಗೆ ಈಗ ಅವಳೇ ಹೋಗಬೇಕು.
“ಇವತ್ತು ಎಷ್ಟದೆ ನೀರು?”
ಗೊತ್ತಿಲ್ಲ ಅಂದೆ. ನೀರುಗಂಟಿ ಮನೆಗೆ ಸೊಸೆಯಾಗಿ ಬಂದು ನಲವತ್ತೊಂದು ವರ್ಷ, ಯಾರಿಗೂ ಹಾಗೆ ಅಂದವಳಲ್ಲ.