ಬೀಗರ ಸೋಪು, ನನ್ನ ಕ್ರೀಮು

ಮಹಡಿ ಮನೆ,
ಗುರುವಾರ, ೧೪ನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಮಗಳು ಪುಟ್ಟಿಗೆ,

ಕೂಸಿನ ನೆಗಡಿ ಇಳಿಯಿತಾ? ಮೂಗು ಕಟ್ಟಿಕೊಂಡರೆ ಹಾಲು ಕುಡಿಯುವುದಕ್ಕೂ ಹಟ ಮಾಡುತ್ತೆ. ನೀನೂ ಹಾಗೇ ಇದ್ದೆ. ನಿನ್ನ ಅಮ್ಮ ನಿನ್ನನ್ನು ಭುಜದ ಮೇಲೆ ಹಾಕಿಕೊಂಡು ದಿನವಿಡೀ ಆ ಗೋಡೆಯಿಂದ ಈ ಗೋಡೆಗೆ ತಿರುಗಿ, ನಾನು ಬಸ್ಸಿನ ಡ್ಯೂಟಿ ಮುಗಿಸಿ ಬಂದ ಕೂಡಲೇ ಖಾಕಿ ಅಂಗಿಯ ಮೇಲೆ ಹಾಕಿ, ‘ತಗೊಳ್ಳಿ, ಇನ್ನು ನಿಮ್ಮ ಟ್ರಿಪ್ಪು’ ಅನ್ನುತ್ತಿದ್ದಳು. ನಿನ್ನ ಸೊಂಟನೋವು ಹೇಗಿದೆ? ಕೌಂಟರಿನ ಹಿಂದೆ ಕೂತು ಟಿಕೆಟ್ ಕೊಡುವ ಕೆಲಸಕ್ಕೆ ವಾಪಸು ಹೋದ ಮೇಲೆ ಬೆನ್ನಿಗೆ ಒಂದು ದಿಂಬು ಇಟ್ಟುಕೋ, ಯಾರು ನಕ್ಕರೂ ನಗಲಿ. ಅಳಿಯಂದಿರ ಕೆಮ್ಮು ಹೋಗಿರಬೇಕು. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ. ಈ ಸಲ ಹಾಗೆ ಬರೆಯುವುದಕ್ಕೆ ಕೈ ಬರುತ್ತಿಲ್ಲ. ತಲೆ ಕೆಟ್ಟು ಹೋಗಿದೆ ಮಗಳೇ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಇರುವುದು ಎರಡು ಕೋಣೆ. ನಾನು ಫೋನು ಎತ್ತಿದೆನೋ ಇಲ್ಲವೋ, ನಿನ್ನ ಮಾವನವರು ಎದುರಿಗೆ ಬಂದು ಕೂರುತ್ತಾರೆ. ‘ಸೊಸೇನಾ? ನಾನು ಗುಂಡುಕಲ್ಲಿನ ಹಾಗಿದ್ದೀನಿ ಅನ್ನಿ’ ಅಂತಾರೆ. ಮೊನ್ನೆ ನೀನು, ‘ಅಪ್ಪಾ, ಒಬ್ಬನೇ ಇರೋಕೆ ಬೇಜಾರು ಅಂತ ಅವರನ್ನ ಹಿಡಿದಿಟ್ಟುಕೊಂಡಿದ್ದೀಯಾ? ತಿಂಗಳ ಕೊನೆಗೆ ನನ್ನ ರಜೆ ಮುಗಿಯುತ್ತೆ, ಅವರು ಬರದಿದ್ರೆ ಕೂಸನ್ನ ಯಾರ ಕೈಗೆ ಕೊಟ್ಟು ಕೆಲಸಕ್ಕೆ ಹೋಗಲಿ?’ ಎಂದು ಕೇಳಿದಾಗಲೂ ಅವರು ನನ್ನ ಮುಂದೆಯೇ ಇದ್ದರು. ಹೂಂ, ಹೂಂ ಅಂದು ಇಟ್ಟುಬಿಟ್ಟೆ. ನಾನು ಹಿಡಿದಿಟ್ಟುಕೊಳ್ಳುವುದಾ! ನಾನು ಹೆಣ್ಣು ಕೊಟ್ಟವನು ಕಣಮ್ಮ. ಗಂಡಿನ ಕಡೆಯ ಬೀಗರಿಗೆ ‘ಬನ್ನಿ’ ಅನ್ನುವುದಕ್ಕೆ ನನಗೆ ಬಾಯಿದೆ, ‘ಹೊರಡಿ’ ಅನ್ನುವುದಕ್ಕೆ ಇಲ್ಲ. ‘ನಾಲ್ಕು ದಿನ ಇದ್ದು ಹೋಗ್ತೀನಿ, ಆಮೇಲೆ ಮೊಮ್ಮಗಳ ಸೇವೆ ಇದ್ದೇ ಇದೆ’ ಅಂದುಕೊಂಡು ಬಂದವರು, ಕ್ಯಾಲೆಂಡರಿನ ಹಾಳೆ ತಿರುವಿದರೂ ಕೂತಲ್ಲೇ ಕೂತಿದ್ದಾರೆ. ಯಾಕೆ ಎಂದು ಕೇಳು. ಗಡ್ಡದಿಂದ.

ನಗಬೇಡ. ಬೆಳಿಗ್ಗೆ ಏಳಕ್ಕೆ ನಾನು ಕಲಿಸುವ ಡ್ರೈವಿಂಗ್ ಸ್ಕೂಲಿನ ಕಾರು ಕೆಳಗೆ ಬಂದು ಹಾರನ್ ಹೊಡೆಯುತ್ತೆ. ಅಷ್ಟರೊಳಗೆ ನಾನು ಸ್ನಾನ, ಶೇವಿಂಗು ಮುಗಿಸಿರಬೇಕು. ನನ್ನದು ಡ್ರೈವರುಗಳ ಶೇವಿಂಗು. ಮುಖ ಒದ್ದೆ ಮಾಡು, ಟ್ಯೂಬಿನಿಂದ ಕಡಲೆಕಾಳಿನಷ್ಟು ಕ್ರೀಮು ಹಿಂಡು, ಬ್ರಶ್ಶಿನಲ್ಲಿ ನಾಲ್ಕು ಸುತ್ತು ಉಜ್ಜು, ಬ್ಲೇಡು ಎಳೆ, ಮುಗೀತು. ಬೀಗರದು ಹಾಗಲ್ಲ. ಜೀವಮಾನವೆಲ್ಲ ಅಂಗಡಿಗಳ ಬೋರ್ಡು ಬರೆದವರು, ಸ್ಕೇಲು ಇಡದೆ ಮಾರುದ್ದದ ಗೆರೆ ಎಳೆದವರು, ಬ್ರಶ್ಶು ಅಂದರೆ ಅವರಿಗೆ ದೇವರ ಸಮಾನ. ಬ್ರಶ್ಶು ಬಿಸಿನೀರಿನಲ್ಲಿ ನೆನೆಯಬೇಕು. ಸ್ಟೀಲಿನ ಬಟ್ಟಲಿನಲ್ಲಿ ಸೋಪಿನ ಬಿಲ್ಲೆ ಕೂರಬೇಕು. ಆಮೇಲೆ ಶುರು, ತಟತಟ ತಟತಟ ಎಂದು ಬಟ್ಟಲಿಗೆ ಬ್ರಶ್ಶು ಬಡಿಯುವ ಸದ್ದು. ನಾನು ಹೊರಗೆ ಟವೆಲ್ಲು ಹೆಗಲಿಗೆ ಹಾಕಿಕೊಂಡು, ಬಸ್‌ಸ್ಟ್ಯಾಂಡಿನಲ್ಲಿ ಲಗ್ಗೇಜು ಕಾಯುವವನ ಹಾಗೆ ನಿಂತಿರುತ್ತೇನೆ. ಅಷ್ಟೆಲ್ಲ ಆಗಿ ಬಾಗಿಲು ತೆಗೆದು ಹೊರಗೆ ಬಂದರೆ ಮುಖದಲ್ಲಿ ಗಡ್ಡ ಹಾಗೇ ಇರುತ್ತೆ! ‘ಇವತ್ತು ನೊರೆ ಕೂರಲಿಲ್ಲ ಬೀಗರೇ. ನಾಳೆ ನೋಡೋಣ.’ ಇದು ಒಂದು ದಿನದ ಮಾತಲ್ಲ, ದಿನಾ ಬೆಳಗಿನ ಸುಪ್ರಭಾತ.

ನಾನೂ ಸುಮ್ಮನೆ ಇರಲಿಲ್ಲ. ನಮ್ಮ ಬೋರಿನ ನೀರು ಗಡಸು, ಇದರಲ್ಲಿ ಸೋಪು ಸರಿಯಾಗಿ ನೊರೆ ಕೊಡಲ್ಲ, ನನ್ನ ಕ್ರೀಮು ಹಚ್ಚಿಕೊಳ್ಳಿ ಎಂದು ಟ್ಯೂಬು ಕೈಗೇ ಕೊಟ್ಟೆ. ಎರಡು ಬೆರಳಲ್ಲಿ ಹಿಡಿದು ಮೂಸಿ ವಾಪಸು ಕೊಟ್ಟರು. ‘ಇದು ಹಲ್ಲುಜ್ಜೋ ಪೇಸ್ಟಿನ ತಮ್ಮ. ಟ್ಯೂಬಿಂದ ಬರೋದೆಲ್ಲ ಸೋಮಾರಿಗಳಿಗೆ. ನೊರೆ ಅಂದ್ರೆ ಬಣ್ಣಕ್ಕೆ ಮುಂಚೆ ಬಳಿಯೋ ಪ್ರೈಮರ್ ಇದ್ದ ಹಾಗೆ ಬೀಗರೇ, ಅದು ಸರಿಯಾಗಿ ಕೂರದೆ ಮೇಲೆ ಏನು ಮಾಡಿದ್ರೂ ಎದ್ದು ಬರುತ್ತೆ.’ ನನಗೆ ತಡೆಯಲಾಗಲಿಲ್ಲ. ‘ಇಂಜಿನ್ ಬಿಸಿ ಮಾಡಬೇಕು, ಒಪ್ಪಿದೆ. ಡಿಪೋದಲ್ಲೇ ಡೀಸೆಲ್ಲು ಮುಗಿಸಿದ್ರೆ ಬಸ್ಸು ಹೊರಡೋದು ಯಾವಾಗ?’ ಅಂದೆ. ಬಟ್ಟಲು ಎತ್ತಿಕೊಂಡು ಕೋಣೆಗೆ ಹೋಗಿಬಿಟ್ಟರು. ನ್ಯಾಯಕ್ಕೆ ಹೇಳಬೇಕೆಂದರೆ ಸೋಪಿನ ನೊರೆ ದಪ್ಪ, ಬ್ಲೇಡು ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತೆ, ಒಂದು ಬಿಲ್ಲೆ ತಿಂಗಳುಗಟ್ಟಲೆ ಸವೆಯಲ್ಲ. ನೀನು ಕೊಡಿಸಿದ ಟ್ಯೂಬಿನ ಹೊಟ್ಟೆ ಆಗಲೇ ಬೆನ್ನಿಗಂಟಿದೆ. ಆದರೆ ಸೋಪಿಗೆ ಹದ ಗೊತ್ತಿರಬೇಕು. ನೀರು ಹೆಚ್ಚಾದರೆ ಇಳಿದುಹೋಗುತ್ತೆ, ಕಮ್ಮಿಯಾದರೆ ಕೆನ್ನೆಯ ಮೇಲೇ ಒಣಗುತ್ತೆ. ಕ್ರೀಮು ಪಾಪ, ಯಾರ ಕೈಯಲ್ಲೂ ಮುನಿಸಿಕೊಳ್ಳಲ್ಲ.

ಆಮೇಲೆ ಹೊಸ ರಾಗ ತೆಗೆದರು. ಈ ಸೋಪೇ ಸರಿಯಿಲ್ಲವಂತೆ, ಮುಂಚೆ ಒಂದು ಬರುತ್ತಿತ್ತಂತೆ, ಅದು ಬೇಕಂತೆ. ‘ಈ ಮುಖ ಹೊತ್ಕೊಂಡು ಮಗ-ಸೊಸೆ ಮುಂದೆ ಹೋಗಿ ನಿಲ್ಲೋಕಾಗುತ್ತಾ? ಸರಿಯಾದ ಸೋಪು ಸಿಗಲಿ, ಮಾರನೇ ದಿನವೇ ಹೊರಡ್ತೀನಿ’ ಎಂದು ಬಾಯಿಬಿಟ್ಟು ಹೇಳಿದರು. ಸರಿ, ಇದೊಂದು ಆಗಿಹೋಗಲಿ ಎಂದು ಬಿಸಿಲಲ್ಲಿ ಹೊರಟೆ. ದೊಡ್ಡ ಅಂಗಡಿಯಲ್ಲಿ ಗೋಡೆ ತುಂಬ ಕ್ರೀಮು, ಜೆಲ್ಲು, ಒತ್ತಿದರೆ ಬುಸ್ಸೆನ್ನುವ ಡಬ್ಬಿ. ಸೋಪು ಅಂದರೆ ಆ ಹುಡುಗಿ ಸ್ನಾನದ ಸೋಪು ತಂದಿಟ್ಟಳು. ಗಡ್ಡಕ್ಕಮ್ಮಾ ಅಂದೆ. ‘ಗಡ್ಡ ತೊಳೆಯೋಕಾ ಅಂಕಲ್?’ ಅಂದಳು. ಕೊನೆಗೆ ಹಗ್ಗ, ಬೀಗ, ಮೊಳೆ ಮಾರುವ ಹಳೆಯ ಅಂಗಡಿಯೊಂದರಲ್ಲಿ, ಮೇಲಿನ ಅಟ್ಟದಲ್ಲಿ, ಧೂಳು ಹೊದ್ದುಕೊಂಡು ಕೂತಿತ್ತು, ಅವರು ಹೇಳಿದ್ದೇ, ಅದೇ ಹಸಿರು ಕಾಗದದ್ದು. ಗೆದ್ದೆ ಎಂದು ಓಡಿ ಬಂದೆ. ಕಾಗದ ಬಿಚ್ಚಿದರು, ಮೂಸಿದರು, ಬೆಳಕಿಗೆ ಹಿಡಿದರು. ‘ಹೆಸರು ಅದೇ. ಸರಕು ಅದಲ್ಲ’ ಅಂದರು. ನನ್ನ ಒಳಗೆ ಏನು ಹೊತ್ತಿ ಉರಿಯಿತು ಅನ್ನುವುದನ್ನು ಈ ಕಾಗದದಲ್ಲಿ ಬರೆಯಲಾರೆ.

ಮೊನ್ನೆ ಮಂಗಳವಾರ ಅದು ಹೊರಗೆ ಬಂತು. ಕೆಳಗೆ ಕಾರಿನವನು ಹಾರನ್ ಮೇಲೆ ಹಾರನ್. ಒಳಗೆ ತಟತಟ ನಿಂತು ಎಷ್ಟೋ ಹೊತ್ತಾಗಿತ್ತು, ನೀರಿನ ಸದ್ದೂ ಇಲ್ಲ. ಕರೆದೆ, ಮಾತಿಲ್ಲ. ಆ ಬಾಗಿಲ ಚಿಲಕ ನಿನಗೆ ಗೊತ್ತಲ್ಲ, ಭುಜ ಕೊಟ್ಟರೆ ಸಾಕು. ನುಗ್ಗಿದೆ. ಬೀಗರು ಕನ್ನಡಿಯ ಮುಂದೆ ನಿಂತಿದ್ದರು. ಮುಖದ ತುಂಬ ನೊರೆ, ಅದು ಒಣಗಿ ಹಳೇ ಸುಣ್ಣದ ಹಾಗೆ ಬಿರುಕು ಬಿಟ್ಟಿತ್ತು. ಬಲಗೈಯಲ್ಲಿ ರೇಜರು. ಆ ಬಲಗೈಯ ಮಣಿಕಟ್ಟನ್ನು ಎಡಗೈ ಗಟ್ಟಿಯಾಗಿ ಹಿಡಿದಿತ್ತು. ರೇಜರು ಕೆನ್ನೆಯ ಹತ್ತಿರ ಹೋಗುತ್ತೆ, ನಡುಗುತ್ತೆ, ಕೆಳಗಿಳಿಯುತ್ತೆ. ಮತ್ತೆ ಹೋಗುತ್ತೆ. ಕಿವಿಯ ಕೆಳಗೆ ನೊರೆ ಕೆಂಪಾಗಿತ್ತು. ಸ್ಟೇರಿಂಗ್ ಹಿಡಿದ ಹೊಸಬರ ಕೈಗಳನ್ನು ದಿನಾ ನೋಡುವವನು ನಾನು. ಹೆದರಿಕೆಯ ನಡುಕ ಎರಡು ಬೀದಿ ದಾಟುವಷ್ಟರಲ್ಲಿ ಇಳಿಯುತ್ತೆ. ಇದು ಆ ನಡುಕವಲ್ಲ.

‘ಬಾಗಿಲು ತಟ್ಟಿ ಬರೋದು ಗೊತ್ತಿಲ್ವಾ?’ ಎಂದು ಗದರಿದರು. ‘ಬಾಗಿಲೂ ನಂದೇ, ಬಚ್ಚಲೂ ನಂದೇ’ ಅಂದುಬಿಟ್ಟೆ. ಬೀಗರಿಗೆ ಆಡುವ ಮಾತೇ ಅದು? ಆಡಿದ್ದಾಯಿತು. ಆಮೇಲೆ ಬಕೆಟ್ಟು ಬೋರಲು ಹಾಕಿ ‘ಕೂತ್ಕೊಳ್ಳಿ’ ಅಂದೆ. ಕೂತರು. ಒಣಗಿದ್ದನ್ನು ಒದ್ದೆ ಟವೆಲ್ಲಿನಲ್ಲಿ ಒರೆಸಿ, ಸೋಪಿನ ಹದ ನನಗೆ ಬರಲ್ಲ ಎಂದು ನನ್ನ ಕ್ರೀಮೇ ಹಚ್ಚಿ, ಇನ್ನೊಬ್ಬರ ಗಡ್ಡಕ್ಕೆ ಮೊದಲ ಸಲ ಬ್ಲೇಡು ಇಟ್ಟೆ. ಕೆಳಗೆ ಹಾರನ್ ಸೋತು ಹೊರಟು ಹೋಯಿತು. ಒಂದು ಕೆನ್ನೆ ಮುಗಿದ ಮೇಲೆ ಅವರಾಗಿಯೇ ಹೇಳಿದರು, ‘ಬಟ್ಟಲಲ್ಲಿ ಬ್ರಶ್ಶು ಆಡಿಸೋವಾಗ ಕೈ ನಡುಗಿದ್ರೂ ನೊರೆ ಬರುತ್ತೆ ಬೀಗರೇ. ಅಲ್ಲೀತನಕ ನಾನು ಮೊದಲಿನ ಮನುಷ್ಯನೇ. ನಿಮ್ಮ ಕ್ರೀಮಾದ್ರೆ ಹಚ್ಚಿದ ಕೂಡಲೇ ಬ್ಲೇಡು ಎತ್ತಬೇಕು.’ ನನ್ನ ಕೈ ನಿಂತೇಬಿಟ್ಟಿತು. ಸೋಪು, ಕ್ರೀಮು, ಪ್ರೈಮರು, ಹಸಿರು ಕಾಗದ, ಎಲ್ಲಾ ಇಷ್ಟಕ್ಕೇ.

ಇನ್ನೊಂದೂ ಹೇಳಿದರು. ಇಲ್ಲಿಗೆ ಬರುವ ಮುಂಚೆ ನೀನು ಒಂದು ಸಂಜೆ ಕೂಸನ್ನು ಅವರ ಕೈಗೆ ಕೊಟ್ಟು, ‘ಕೆಳಗೆ ಕರ್ಕೊಂಡು ಬನ್ನಿ ಮಾವ’ ಎಂದು ಮುಂದೆ ಇಳಿದೆಯಂತೆ. ಮೇಲಿನ ಮೆಟ್ಟಿಲಲ್ಲೇ ಕೈ ನಡುಕ ಶುರುಮಾಡಿತಂತೆ. ಕೂಸನ್ನು ಎದೆಗೆ ಅವಚಿಕೊಂಡು, ಮೆಟ್ಟಿಲ ಮೇಲೆ ಕೂತು, ಕೂತೇ ಒಂದೊಂದಾಗಿ ಜಾರಿಕೊಂಡು ಇಳಿದರಂತೆ. ನೀನು ನೋಡಿ ನಕ್ಕೆಯಂತೆ. ‘ಜಾರುಬಂಡೆ ಆಡಿಸ್ತಿದ್ದೀನಮ್ಮ’ ಅಂದರಂತೆ. ಅವತ್ತೇ ಬಟ್ಟೆ ತುಂಬಿಕೊಂಡು ನನ್ನ ಮನೆಗೆ ಬಂದದ್ದು.

ಈಗ ಹೇಳು, ನಾನು ಯಾರ ಮೇಲೆ ಸಿಟ್ಟು ಮಾಡಲಿ? ಬಾಯಿಬಿಟ್ಟು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಊರೆಲ್ಲ ಅಲೆಸಿದರು, ದಿನಾ ನನ್ನನ್ನು ಟವೆಲ್ಲಿನಲ್ಲಿ ನಿಲ್ಲಿಸಿದರು, ನಿನ್ನಿಂದ ನನಗೆ ಬೈಸಿದರು. ಡಾಕ್ಟರಿಗೆ ತೋರಿಸೋಣ ಅಂದರೆ, ‘ಡಾಕ್ಟರು ಹೆಸರಿಟ್ಟರೆ ಕಾಯಿಲೆ ಆಗುತ್ತೆ, ಈಗ ಬರೀ ನಡುಕ’ ಅಂತಾರೆ. ಮಗನಿಗೆ ಹೇಳೋಣ ಅಂದರೆ ಮುಖ ತಿರುಗಿಸುತ್ತಾರೆ. ಅಳಿಯಂದಿರು ಈಗಲೂ ಎಲ್ಲರಿಗೂ ‘ಅದು ನಮ್ಮಪ್ಪ ಬರೆದ ಬೋರ್ಡು’ ಎಂದು ಕೈ ಮಾಡಿ ತೋರಿಸುತ್ತಾರಲ್ಲ, ಅದೇ ಅವರಿಗೆ ಕಷ್ಟ. ಗಡ್ಡ ಮುಗಿದ ಮೇಲೆ, ‘ಕ್ರೀಮು ಹಚ್ಚಿಸ್ಕೊಂಡಿದ್ದು ಮಗನಿಗೆ ಗೊತ್ತಾಗಬಾರದು’ ಅಂದರು. ಆಮೇಲೆ ಕೈ ಎತ್ತಿ ತೋರಿಸಿ, ‘ಇದೂ’ ಅಂದರು. ನಾನು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ, ರೇಜರು ತೊಳೆಯುತ್ತಾ ನಿಂತೆ. ಅವರ ಮಾನ ದೊಡ್ಡದೇ. ಆದರೆ ಕೂಸು ಕೂಸು. ಅವರು ಊಟ ಮಾಡಿ ಮಲಗಿದ್ದಾರೆ, ಅದಕ್ಕೇ ಈಗ ಬರೆಯುತ್ತಿದ್ದೇನೆ. ಇದನ್ನು ಓದಿ ನನ್ನ ಮೇಲೆ ಕೂಗಾಡಬೇಡ, ಅವರ ಮೇಲೂ ಬೇಡ. ಕೂಗಾಡುವ ಪಾಲೆಲ್ಲ ನಾನೇ ಮುಗಿಸಿದ್ದೇನೆ.

ಕೂಸಿನ ಎರಡೂ ಕೆನ್ನೆಗೆ ನನ್ನ ಮುತ್ತು. ಅಳಿಯಂದಿರನ್ನು ಕೇಳಿದೆ ಅನ್ನು. ನಿನಗೆ ಒಳ್ಳೆಯ ನಿದ್ದೆ ಬರಲಿ, ಬೆನ್ನು ಗಟ್ಟಿಯಾಗಲಿ, ಇದೇ ನನ್ನ ಆಶೀರ್ವಾದ.

ನಿನ್ನ
ಅಪ್ಪ

ಮರೆತದ್ದಲ್ಲ, ಈಗ ಆದದ್ದು: ಲಕೋಟೆಗೆ ಹಾಕುವಷ್ಟರಲ್ಲಿ ಬೀಗರು ಎದ್ದು ಬಂದರು. ‘ಸೊಸೆಗಾ?’ ಅಂದರು. ಸುಳ್ಳು ಹೇಳಲಿಲ್ಲ. ಜಗಳಕ್ಕೆ ಬರುತ್ತಾರೆ ಅಂದುಕೊಂಡರೆ, ಕುರ್ಚಿ ಎಳೆದುಕೊಂಡು ಕೂತು, ತಾವೇ ಒಂದು ಸಾಲು ಬರೆಯುತ್ತೇನೆ ಎಂದು ಪೆನ್ನು ತೆಗೆದುಕೊಂಡರು. ಅಂಚಿನಲ್ಲಿರುವ ಗೀಚು ಅವರದು. ಆಮೇಲೆ ಪೆನ್ನು ನನಗೇ ಕೊಟ್ಟು, ‘ನಾನು ಹೇಳ್ತೀನಿ, ನೀವು ಬರೀರಿ, ನಿಮ್ಮ ಮಾತು ಒಂದೂ ಸೇರಿಸಬೇಡಿ’ ಅಂದರು. ಅವರು ಹೇಳಿದ್ದು ಇಷ್ಟು: ‘ಮುಂದಿನ ಭಾನುವಾರ ಬರ್ತೀನಮ್ಮ. ಮಗನಿಗೆ ನಾನೇ ಹೇಳ್ತೀನಿ, ಅಲ್ಲೀತನಕ ನೀನು ಹೇಳಬೇಡ. ಕೂಸನ್ನ ಎತ್ತಿ ಆಡಿಸೋಕೆ ಬೇರೆ ಯಾರನ್ನಾದ್ರೂ ಗೊತ್ತು ಮಾಡು, ನಾನು ಜೊತೆಗಿದ್ದು ನೋಡ್ಕೋತೀನಿ. ನನ್ನ ಕೈಗೆ ಮಾತ್ರ ಕೊಡಬೇಡ. ನಾನು ನೆಲದ ಮೇಲೆ ಕೂತ ಮೇಲೆ, ತೊಡೆಗೆ ಕೊಡು.’