ತೊಳೆದ ಕೈಯ ಚಳಿ

ಮಾರ್ಗಳಿ 8, ಮಂಗಳವಾರ

ಮಲಗಿದರೂ ಆ ಹುಡುಗಿಯದೇ ಯೋಚನೆ.

ಮೊಮ್ಮಗನ ಹೆಂಡತಿ ಕಲೈಸೆಲ್ವಿಗೆ ಬೆಳಿಗ್ಗೆ ನೋವು ಬಂತೆಂದು ತೇನಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಜೊತೆಗಿರಲು ಅಜ್ಜಿಯೆಂದು ನನ್ನೊಬ್ಬಳನ್ನೇ ಒಳಗೆ ಬಿಟ್ಟರು. ಹೆರಿಗೆ ಮಾಡಿಸಲು ಕಲಿಯುತ್ತಿರುವ ಎಳಿಲ್ ಅನ್ನುವ ಹುಡುಗಿ, ನೋವು ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಎಂದು ನೋಡಲು ಹೊಟ್ಟೆ ಮೇಲೆ ಕೈಯಿಟ್ಟಳು. ಕಲೈಸೆಲ್ವಿ ಬೆಚ್ಚಿಬಿದ್ದಳು.

"ಐಸ್ ಇಟ್ಟಂಗದೆ. ಈ ಹುಡುಗಿ ಬ್ಯಾಡ."

"ಬೇಡ ಅಂದ್ರೆ ಮುಟ್ಟಬಾರದು, ಆಚೆ ನಿಲ್ಲು," ಎಂದರು ಸಿಸ್ಟರ್. ಹುಡುಗಿಯ ಮುಖ ಸಣ್ಣದಾಯಿತು.

"ಇಷ್ಟು ದಿನ ಯಾರ್ ಮೇಲೆ ಕಲ್ತೆ?" ಎಂದೆ.

"ಗೊಂಬೆ ಮೇಲೆ, ಪಾಟಿ. ನಿಜವಾದ ಹೊಟ್ಟೆ ಇದೇ ಮೊದಲು."

"ಗೊಂಬೆಗೆ ಚಳಿಯೇನು, ಬಿಸಿಯೇನು. ಕೊಡು ಕೈ."

"ತೊಳೆದ ಕೈ ಮುಟ್ಟಬೇಡಿ ಪಾಟಿ," ಎಂದು ಸಿಸ್ಟರ್ ಗದರಿದರು. ಅದೂ ಸರಿಯೇ. ತಣ್ಣೀರಲ್ಲಿ ತೊಳೆದೂ ತೊಳೆದೂ ಆ ಕೈ ಹಾಗಾಗಿತ್ತು.

"ಹಂಗಾದ್ರೆ ನೀನೇ ಉಜ್ಜಿಕೋ. ಕೊಟ್ಟಿಗೆ ಕಂಬದಂಗೆ ನಿಲ್ಲಬ್ಯಾಡ."

ಉಜ್ಜಿಕೊಂಡು ಬಂದು, "ಅಕ್ಕಾ, ಈಗ ಇಡಲಾ?" ಎಂದು ಕೇಳಿದಳು. ಕಲೈಸೆಲ್ವಿ ನನ್ನ ಮುಖ ನೋಡಿ, "ಇಡು" ಎಂದಳು. ಸ್ವಲ್ಪ ಹೊತ್ತಿಗೆ ಹುಡುಗಿಯೇ, "ಬರ್ತಿದೆ ಅಕ್ಕಾ, ಉಸಿರು ಬಿಡಿ," ಎಂದಳು. ಕಲೈಸೆಲ್ವಿ ನರಳಿದ್ದು ಅದಾದ ಮೇಲೆ.

ಮಧ್ಯಾಹ್ನ ಹೆಣ್ಣು ಮಗು ಹುಟ್ಟಿತು. ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ನೋಡಲು ಹುಡುಗಿ ಆಗಾಗ ಬಂದಳು. ಪ್ರತಿ ಸಲವೂ ಬಾಗಿಲಲ್ಲೇ ನಿಂತು ಕೈ ಉಜ್ಜಿಕೊಂಡಳು. ನಾನು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡಿದ್ದೆ. ನೋಡಿದ್ದು ಗೊತ್ತಾದರೆ ಹೊಗಳಬೇಕಾಗುತ್ತದಲ್ಲ.