ಬಂದೂಕಿನ ತೇಪೆ

ದೊಡ್ಡನೆಕ್ಕುಂದಿ
೧೨-೩-೧೯೭೯

ಚಿಕ್ಕಬೈರಪ್ಪ ಮಾವನವರಿಗೆ ನಮಸ್ಕಾರ.

ನೀವು ಕೊಟ್ಟ ಹಳೇ ಬಂದೂಕಿನ ಮರದ ಹಿಡಿಗೆ ಇನ್ನೂ ಬಣ್ಣ ಬಳಿದಿಲ್ಲ. “ಕೆರೆಯೋದೇನೂ ಬೇಡ ಕಣೋ, ಮೇಲ್ಮೇಲೆ ಬಳಿದ್ಬಿಡು” ಅಂದಿರಿ. ನನಗೆ ಅಂಥ ಕಳ್ಳಕೆಲಸ ಬರುವುದಿಲ್ಲ. ಉಪ್ಪುಕಾಗದ ಹಿಡಿದು ಪೂರ್ತಿ ಉಜ್ಜಿದೆ. ಕಪ್ಪು ಬಣ್ಣದ ಕೆಳಗೆ ಹುಣಸೆ ಮರದ ತೇಪೆಯೊಂದು ಸಿಕ್ಕಿತು. ಅಪ್ಪ ಲಕ್ಷ್ಮಯ್ಯನವರ ಮಾವಿನ ತೋಪು ಕಾಯುತ್ತಿದ್ದಾಗ ಆ ಧಣಿಯ ಬಂದೂಕಿಗೆ ಹಾಕಿದ ತೇಪೆ ಅದು. ಮೊಳೆ ಹೊಡೆಯುವಾಗ ಹಿಡಿದುಕೊಂಡಿದ್ದವನು ನಾನೇ. ಆ ಬಂದೂಕು ಕಳುವಾಯಿತೆಂದೇ ಅಪ್ಪನ ಕೆಲಸ ಹೋಯಿತು. ಊರಲ್ಲಿ ಇವತ್ತಿಗೂ ಅವರನ್ನು ಕಳ್ಳ ಅನ್ನುತ್ತಾರೆ.

ಅದು ನಿಮ್ಮ ಕೈಗೆ ಹೇಗೆ ಬಂತು? ಭಾನುವಾರದೊಳಗೆ ಬಂದು ಅಪ್ಪನೆದುರು ಹೇಳಿ. ಇಲ್ಲದಿದ್ದರೆ ನಾನೇ ಲಕ್ಷ್ಮಯ್ಯನವರಿಗೆ ಒಪ್ಪಿಸುತ್ತೇನೆ.

ಅಮ್ಮನಿಗೆ ತವರು ಅಂತ ಇರುವುದು ನೀವೊಬ್ಬರೇ. ಅವಳಿಗೆ ಇನ್ನೂ ಹೇಳಿಲ್ಲ.

ನಿಮ್ಮ ಸೋದರಳಿಯ,
ಮುನಿರಾಜು